ಮೀಸಲು ಮೆಣಸಿನಕಾಯಿ

ಅಕ್ಟೋಬರ್ 12, ಭಾನುವಾರ. ಬೆಳಿಗ್ಗೆ 6.20

ನೀರು ಹಾಕಿ ಆಯಿತು. ಮೂವತ್ತೆಂಟು ಡಬ್ಬಿ. ಹದಿನಾರು ಬಗೆಯ ಟೊಮೆಟೊ, ಇಪ್ಪತ್ತೆರಡು ಬಗೆಯ ಮೆಣಸಿನಕಾಯಿ. ಎರಡು ಸಲ ಎಣಿಸಿದೆ. ಗಿಡ ಎದ್ದು ಹೋಗುವುದಿಲ್ಲ, ಗೊತ್ತು. ಆದರೂ ಎಣಿಸದೆ ಕೆಳಗಿಳಿಯುವುದಿಲ್ಲ.

ಹಳದಿ ಪೇರ್ ಟೊಮೆಟೊ — ಗೊಂಚಲಿಗೆ ಒಂಬತ್ತು. ಕಪ್ಪು ಟೊಮೆಟೊ ಬಣ್ಣ ತಿರುಗುತ್ತಿದೆ. ರೋಮಾ ಟೊಮೆಟೊದ ತಳ ಕೊಳೆಯುತ್ತಿದೆ, ಕ್ಯಾಲ್ಸಿಯಂ ಪ್ರಾಬ್ಲಮ್. ಮೊಟ್ಟೆ ಸಿಪ್ಪೆ ಪುಡಿ ಮಾಡಿ ಹಾಕಿ ಅಂತ ಯೂಟ್ಯೂಬ್. ಈ ಮನೆಗೆ ಮೊಟ್ಟೆ ತಂದರೆ ದೊಡ್ಡವ್ವ ಮೊಟ್ಟೆಯ ಜೊತೆ ನನ್ನನ್ನೂ ಹೊರಗಿಡುತ್ತಾಳೆ. ಸುಣ್ಣದ ತಿಳಿನೀರು ಹಾಕಿದೆ. ನೋಡೋಣ.

ಡಬ್ಬಿಗಳೆಲ್ಲ ದೊಡ್ಡಪ್ಪನ ಹಾರ್ಡ್‌ವೇರ್ ಅಂಗಡಿಯವು. ಖಾಲಿ ಪೇಂಟ್ ಬಕೆಟ್, ತಳಕ್ಕೆ ನಾನೇ ತೂತು ಹೊಡೆದದ್ದು. ಜೂನ್‌ನಲ್ಲಿ ಇಲ್ಲಿಗೆ ಬಂದಾಗ ಈ ಟೆರೇಸಿನಲ್ಲಿ ಮುರಿದ ಕೂಲರ್ ಒಂದೇ ಇತ್ತು. ಈಗ ಈ ಮರಾಠಿ ಊರಿನ ಸದಾಶಿವ ಪೇಠೆಯಲ್ಲಿ ಇಷ್ಟು ಹಸಿರು ಇನ್ನೊಂದು ಮಾಳಿಗೆಯ ಮೇಲೆ ಇರಲಿಕ್ಕಿಲ್ಲ. ಕಾಲೇಜಿನಲ್ಲಿ ಹೇಳಬೇಕು ಅನ್ನಿಸುತ್ತದೆ. ಕ್ಲಾಸಿನಲ್ಲಿ ಈವರೆಗೆ ನಾಲ್ಕು ಸಲ ಬಾಯಿ ಬಿಟ್ಟಿದ್ದೇನೆ. ಮೂರು ಸಲ 'ಸಾರಿ'.

ಡಬ್ಬಿ ನಂಬರ್ 31ಕ್ಕೆ ಇವತ್ತು ಆರು ಹೂವು. ಅವ್ವಮ್ಮನ ಮೆಣಸಿನಕಾಯಿ. ಬುಗುರಿಯ ಹಾಗೆ ಗುಂಡು, ಎಳೆಯದು ನೇರಳೆ, ಹಣ್ಣಾದರೆ ಕೇಸರಿ. ಎಷ್ಟು ಸೀಡ್ ಸೈಟ್ ನೋಡಿದ್ದೇನೆ, ಎಲ್ಲೂ ಇಲ್ಲ.

ಅವ್ವಮ್ಮ ಬೆಳಗಾವಿಯ ಹಾಸ್ಟೆಲಿನಲ್ಲಿ ಅಡುಗೆ ಮಾಡುತ್ತಿದ್ದಳು. ನಾನು ಆರನೇ ಕ್ಲಾಸು, ಮೊದಲ ವಾರ, ತಟ್ಟೆಯ ಮುಂದೆ ಅಳುತ್ತಿದ್ದೆ. ಸೆರಗಿನ ಗಂಟಿನಿಂದ ಒಂದು ಕಾಯಿ ತೆಗೆದುಕೊಟ್ಟಳು. "ಅಳೂದಿದ್ರ ಇದನ್ನ ಕಚ್ಚಿ ಅಳು. ಯಾರರ ಕೇಳಿದ್ರ ಖಾರ ಹತ್ತೇದ ಅನ್ನು." ಆ ಕಾಯಿಯ ಬೀಜ ಸ್ನಾನದ ಮಗ್ಗಿನಲ್ಲಿ ಹಾಕಿದೆ, ಕಿಟಕಿಯಲ್ಲಿಟ್ಟೆ. ಏಳು ವರ್ಷ, ವರ್ಷಕ್ಕೊಂದು ಗಿಡ. ನಾನು ಹತ್ತನೇ ಕ್ಲಾಸಿನಲ್ಲಿದ್ದಾಗ ಅವ್ವಮ್ಮ ಕೆಲಸ ಬಿಟ್ಟಳು. ಯಾವ ಊರು, ಯಾರಿಗೂ ಗೊತ್ತಿಲ್ಲ. ಉಳಿದಿರುವುದು ಈ ಗಿಡ, ಕೂಡಿಟ್ಟ ಬೀಜ ಒಂದೂ ಇಲ್ಲ.

ಅಕ್ಟೋಬರ್ 26, ಭಾನುವಾರ

ದೀಪಾವಳಿಗೆ ಊರಿಗೆ ಹೋಗಲಿಲ್ಲ. ವಿಜಯಪುರದಲ್ಲಿ ಅಪ್ಪ ಅವ್ವ ಇಬ್ಬರೂ ಬಟ್ಟೆ ಅಂಗಡಿಯಲ್ಲೇ ಇರುತ್ತಾರೆ, ಸೀಸನ್. ಅಲ್ಲದೆ ನಾನು ಹೋದರೆ ನೀರು ಯಾರು ಹಾಕುತ್ತಾರೆ.

ಬೀಜದ ಕೆಲಸ ಶುರು. 31ರ ಹೂವು ಅರಳುವ ಮೊದಲೇ ಪುಟ್ಟ ಜಾಲರಿ ಚೀಲ ಕಟ್ಟಿದ್ದೆ, ಪಕ್ಕದ ಲವಂಗಿ ಮೆಣಸಿನಕಾಯಿಯ ಪರಾಗ ಬೀಳಬಾರದೆಂದು. ಕಾಯಿ ಕಚ್ಚಿದ ಮೇಲೆ ಚೀಲ ಬಿಚ್ಚಿ ತೊಟ್ಟಿಗೆ ಕೆಂಪು ದಾರ ಕಟ್ಟಿದೆ. ಮೂರು ಕಾಯಿ. ದಾರ ಇದ್ದದ್ದು ಬೀಜಕ್ಕೆ, ಯಾರೂ ಮುಟ್ಟಬಾರದು. ಉಳಿದ ಹೂವು ಉದುರಿದವು. ಗಿಡಕ್ಕೆ ವಯಸ್ಸಾಗಿದೆ, ಇದೇ ಕೊನೆಯ ಫಸಲು.

ಟೊಮೆಟೊ ತಿರುಳು ಗ್ಲಾಸಿನಲ್ಲಿ ಮೂರು ದಿನ ಹುಳಿ ಬರಲು ಇಟ್ಟಿದ್ದೆ. ದೊಡ್ಡವ್ವ ಮೂಗಿಗೆ ಸೆರಗು ಹಿಡಿದು ಬಂದಳು.

"ಏನ ಸತ್ತಾದವ್ವಾ ಇಲ್ಲೆ?"

"ಬೀಜ, ದೊಡ್ಡವ್ವಾ. ಹುಳಿ ಬಂದ ಮ್ಯಾಲ ತೊಳೀತೀನಿ."

"ಹಾಸ್ಟೆಲಿನಾಗ ಇದನ್ನ ಕಲಿಸ್ಯಾರೇನ? ಮತ್ತ ಅಲ್ಲೇ ಕಳಸಬೇಕಾಗತದ ನಿನ್ನ."

ನಕ್ಕಳು. ನಾನೂ ನಕ್ಕೆ. ಆಮೇಲೆ ಬಾತ್‌ರೂಮಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ. ಅಪ್ಪ ಇಲ್ಲಿಗೆ ಕಳಿಸುವಾಗಲೇ ಹೇಳಿದ್ದರು, "ದೊಡ್ಡವ್ವನ ಮನಸ್ಸಿಗೆ ಬ್ಯಾಸರಾದ ದಿನ ಹಾಸ್ಟೆಲ್." ಬೇಡ. ಇನ್ನೊಂದು ಟ್ರಂಕು, ಇನ್ನೊಂದು ಕಬ್ಬಿಣದ ಮಂಚ... ಬೇಡ.

ನವೆಂಬರ್ 8, ಶನಿವಾರ

ನಾಳೆ ದೊಡ್ಡವ್ವನ ಮಗಳು ನೀತಕ್ಕನನ್ನು ನೋಡಲು ಬರುತ್ತಾರೆ. ಊರಿನ ಆಚೆ ತುದಿಯ ವಾಕಡದವರು. ಹುಡುಗ ಕಿಶೋರ, ಬ್ಯಾಂಕಿನಲ್ಲಿ. ತಾಯಿ ಮಾಧುರಿಬಾಯಿ ರಿಟೈರ್ಡ್ ಟೀಚರು, ನಮ್ಮ ವಿಜಯಪುರದ ಇಂಡಿ ಕಡೆಯವರು. ಅವರಿಗೆ ಗಿಡದ ಹುಚ್ಚಂತೆ.

ನನಗೆ ದೊಡ್ಡವ್ವನ ಆರ್ಡರ್: ಬೆಳಿಗ್ಗೆಯೇ ಲೈಬ್ರರಿಗೆ ಹೋಗಬೇಕು, ಐದರ ತನಕ ಬರಬಾರದು.

"ಒಂದ ಮನ್ಯಾಗ ಎರಡು ಹುಡುಗ್ಯಾರು ಕಂಡ್ರ ನೋಡಾಕ ಬಂದೋರ ಕಣ್ಣು ಅತ್ತಾಗ ಇತ್ತಾಗ ಆಗತಾವ. ನೀ ತಪ್ಪ ತಿಳ್ಕೋಬ್ಯಾಡ ಮತ್ತ."

ತಪ್ಪು ತಿಳಿಯಲಿಲ್ಲ. ಸೋಮವಾರ ಕೆಮಿಸ್ಟ್ರಿ ಟೆಸ್ಟ್ ಇದೆ, ಓದಿಕೊಳ್ಳುತ್ತೇನೆ. ಮೂರು ಕಾಯಿಯೂ ಪೂರ್ತಿ ಕೇಸರಿ ಆಗಿವೆ. ಇನ್ನೆರಡು ದಿನ ಗಿಡದಲ್ಲೇ ಇರಲಿ.

ನವೆಂಬರ್ 9, ಭಾನುವಾರ. ಸಂಜೆ 5.40

ಇಲ್ಲ.

ಮೂರೂ ಇಲ್ಲ.

ನವೆಂಬರ್ 10, ಸೋಮವಾರ

ಟೆಸ್ಟ್ ಹಾಳಾಯಿತು. ಕ್ರಮವಾಗಿ ಬರೆಯುತ್ತೇನೆ.

ನಿನ್ನೆ ಹತ್ತಿ ಬಂದಾಗ ಟೆರೇಸಿಗೆ ನೀರು ಹೊಡೆದು ರಂಗೋಲಿ ಹಾಕಿತ್ತು. ಡಬ್ಬಿಗಳನ್ನು ಬಣ್ಣದ ಪ್ರಕಾರ ಜೋಡಿಸಿದ್ದರು, ಫೋಟೊಗೆ. ಹಣ್ಣಾದ ಟೊಮೆಟೊ ಒಂದೂ ಇಲ್ಲ. 31ರ ಕೊಂಬೆ ಬುಡದ ಹತ್ತಿರ ಸೀಳಿ ಜೋತುಬಿದ್ದಿದೆ. ತಿರುವಿ ಕೀಳದೆ ಎಳೆದಿದ್ದಾರೆ.

ಕೆಳಗೆ ಹೋಗಿ ಕೇಳಿದೆ. ದೊಡ್ಡವ್ವ ಖುಷಿಯಲ್ಲಿದ್ದಳು, ಶಿರಾ ಮಿಕ್ಕಿತ್ತು, ತಟ್ಟೆಗೆ ಹಾಕಿ ನನ್ನ ಕೈಗೆ ಕೊಟ್ಟಳು. "ಒಪ್ಪಿದ್ರವ್ವಾ. ಗಿಡ ನೋಡೇ ಒಪ್ಪಿದ್ರು. ಎಲ್ಲಾ ನಮ್ಮ ನೀತಾನ ಬೆಳಸ್ಯಾಳ ಅಂದೆ. ಬೀಗತಿ ಕಣ್ಣು ಹಿಂಗ ಅರಳಿದ್ವು."

"ನಾ ಬೆಳೆಸಿದ್ದು, ದೊಡ್ಡವ್ವಾ."

"ಅಯ್ಯ, ಯಾರ ಇಲ್ಲ ಅಂದ್ರು? ಹೆಣ್ಣು ನೋಡಾಕ ಬಂದಾಗ ಮನ್ಯಾಗಿದ್ದದ್ದೆಲ್ಲಾ ಹೆಣ್ಣಿಂದ. ನನ್ನ ನೋಡಾಕ ಬಂದಾಗ ಚಕ್ಕಲಿ ನಮ್ಮ ಮಾಮಿ ಕರದಿದ್ಲು, ನನ್ನ ಹೆಸರಾತು. ನಾಳೆ ನಿನ್ನ ನೋಡಾಕ ಬಂದ್ರ ನೀತಾ ಫಾಲ್ ಹಚ್ಚಿದ ರೇಷ್ಮಿ ಸೀರಿ ನಿಂದ ಅಂತೀನಿ."

"ದಾರ ಕಟ್ಟಿದ್ದವು?"

"ಅವಾ? ದೇವರಿಗೆ ಮೀಸಲ ಬಿಟ್ಟೀಯಂತ ತಿಳ್ಕೊಂಡೆ. ಮೀಸಲ ಕಾಯಿ ಬೀಗರಿಗೆ ಕೊಟ್ರ ಚಲೋ ಆಗತದಂತ ಉಡಿ ತುಂಬಿದ ಮ್ಯಾಲ ಬುಟ್ಟ್ಯಾಗ ಹಾಕಿ ಕೊಟ್ಟೆ. ದೇವಿ ಹೆಸರ ಹೇಳೇ ಕೊಟ್ಟೆ."

ಅಂದರೆ ಈಗಾಗಲೇ ಯಾವುದೋ ಒಗ್ಗರಣೆಯಲ್ಲಿ ಸಿಡಿದು ಹೋಗಿವೆ.

ನೀತಕ್ಕ ಸೋಫಾದ ಮೇಲೆ ಉಗುರಿನ ಬಣ್ಣ ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಶಿರಾ ತಿಂದೆ. ಪೂರ್ತಿ ತಿಂದೆ. ಜಗಳ ಮಾಡಿದರೆ ಹಾಸ್ಟೆಲ್. ಜಗಳ ಮಾಡುವುದಿಲ್ಲ. ಆದರೆ ಬಿಡುವುದಿಲ್ಲ. ನೀತಕ್ಕನನ್ನೂ, ದೊಡ್ಡವ್ವನನ್ನೂ. ಆ ವಾಕಡದ ಹೆಂಗಸನ್ನೂ, ಯಾಕೆಂದರೆ ಅವಳು ತಿಂದಿದ್ದಾಳೆ.

ನವೆಂಬರ್ 16

ಸೀಳಿದ ಕೊಂಬೆಗೆ ಟೇಪ್ ಸುತ್ತಿ ಕಡ್ಡಿ ಕಟ್ಟಿದ್ದೆ. ಬೇವಿನೆಣ್ಣೆ ಹೊಡೆದೆ. ನೆರಳಿಗೆ ಇಟ್ಟೆ. ಆರು ದಿನ. ಇವತ್ತು ಕಾಂಡವನ್ನು ಉಗುರಿನಿಂದ ಕೆರೆದೆ — ಹಸಿರಿಲ್ಲ, ಕಂದು. ತಳದ ತನಕ ಕಂದು.

ಡಬ್ಬಿ ತೊಳೆಯಲಿಲ್ಲ. ಹಾಗೇ ಇಟ್ಟಿದ್ದೇನೆ.

ನವೆಂಬರ್ 23, ಭಾನುವಾರ

ದಾರಿ ತಾನಾಗಿ ಬಂತು.

ನೀತಕ್ಕ ಟೆರೇಸಿಗೆ ಬಂದಳು, ಮೊದಲ ಸಲ, ಚಪ್ಪಲಿ ಹಾಕಿಕೊಂಡೇ. "ಅಗ ಅನು, ಮಾಧುರಿ ಆಂಟಿದು ಮೆಸೇಜ್ ಬಂದದ. ಅವರ ಬಾಲ್ಕನ್ಯಾಗ ಶಿಮ್ಲಾ ಮಿರ್ಚಿ ಅವಂತ, ಹೂವು ಉದುರಾಕತ್ತಾವಂತ. ನೀರು ಎಷ್ಟು ಹಾಕಬೇಕು, ಗೊಬ್ಬರ ಏನು ಅಂತ ಕೇಳ್ಯಾರ. ನಂಗೇನ ಗೊತ್ತು? ಹೇಳ ಪಟ್ಕನ್."

ಹೇಳಿದೆ. ಶಾಂತವಾಗಿ, ಲ್ಯಾಬ್‌ನಲ್ಲಿ ರೀಡಿಂಗ್ ಬರೆಸುವ ಹಾಗೆ.

ನೀರು ದಿನಕ್ಕೆ ಮೂರು ಸಲ, ಬುಡ ಮುಳುಗುವಷ್ಟು. ಕೆಳಗಿನ ತಟ್ಟೆ ಯಾವಾಗಲೂ ತುಂಬಿರಬೇಕು. ವಾರಕ್ಕೊಂದು ಚಮಚ ಯೂರಿಯಾ. ಬಿಸಿಲು ತಾಗಬಾರದು, ಕರ್ಟನ್ ಹಾಕಿರಿ. ಎಲ್ಲಾ ಬಗೆಯ ಮೆಣಸಿನ ಗಿಡಕ್ಕೂ ಇದೇ ರೂಲು.

ಒಂದೊಂದೂ ಕೊಲ್ಲುವ ಮಾತು. ನೀತಕ್ಕ ಅಕ್ಷರಶಃ ಟೈಪ್ ಮಾಡಿದಳು, ಕೊನೆಗೆ ಕೈ ಮುಗಿಯುವ ಇಮೋಜಿ ಹಾಕಿದಳು. "ಥ್ಯಾಂಕ್ಸ್ ಬಾಳಾ. ಬಚಾವ್ ಮಾಡಿದಿ ನನ್ನ."

ಈ ವಾರ ಮೊದಲ ಸಲ ಹಸಿವಾಯಿತು.

ಡಿಸೆಂಬರ್ 4, ಗುರುವಾರ

ಶಿಮ್ಲಾ ಮಿರ್ಚಿಯ ಎಲೆ ಹಳದಿ ಆಗಿವೆಯಂತೆ. ನೀತಕ್ಕ ಫೋಟೊ ತೋರಿಸಿದಳು. ಹಳದಿ ಅಲ್ಲ, ನಿಂಬೆ ಸಿಪ್ಪೆ. ಬೇರು ಕೊಳೆತಿದೆ.

"ಹಂಗ ಆಗೋದು ನಾರ್ಮಲ್," ಅಂದೆ. "ಹಳೇ ಎಲಿ ಉದುರಿ ಹೊಸಾವು ಬರತಾವು. ನೀರು ನಾಕು ಸಲ ಮಾಡ್ರಿ ಅನ್ನು."

ಕಳಿಸಿದಳು. ಆಂಟಿ ಉತ್ತರ: "ನೀನು ಹೇಳಿದ ಮೇಲೆ ಮುಗಿಯಿತು ಮಗಳೆ."

ಮಗಳೆ. ಚೆನ್ನಾಗಿದೆ. ನಾಲ್ಕು ವಾರ ಬಿಟ್ಟು ಬಾಲ್ಕನಿ ಪೂರ್ತಿ ಖಾಲಿಯಾದಾಗ ಇದೇ ಆಂಟಿ ಕೇಳುತ್ತಾರೆ — ಮೂವತ್ತೆಂಟು ಡಬ್ಬಿ ಬೆಳೆಸಿದವಳಿಗೆ ನಾಲ್ಕು ಗಿಡ ಉಳಿಸಲು ಬರಲಿಲ್ಲವೇ? ಆಗ ನೀತಕ್ಕ ಏನು ಹೇಳುತ್ತಾಳೆ? ಆ ಮುಖ ನೋಡಬೇಕು. ಸೆಮಿಸ್ಟರ್ ಎಕ್ಸಾಮ್ ನಡುವೆ ಇದನ್ನೇ ಯೋಚಿಸುತ್ತೇನೆ, ಎದೆ ಹೊಡೆದುಕೊಳ್ಳುವುದು ಕಡಿಮೆಯಾಗುತ್ತದೆ. ಮಾತ್ರೆಗಿಂತ ಒಳ್ಳೆಯದು.

ಡಿಸೆಂಬರ್ 11, ಗುರುವಾರ. ಮಧ್ಯಾಹ್ನ 2

ಎಕ್ಸಾಮ್ ಮುಗಿಸಿ ಬಂದೆ. ನೀತಕ್ಕ ಬಾಗಿಲಲ್ಲೇ ಫೋನ್ ಹಿಡಿದಳು. "ಇದ ನೋಡ, ಈ ಸಣ್ಣಾವು ಯಾಕ ಬೀಳಾಕತ್ತಾವು ಅಂತ ಆಂಟಿ ಕೇಳ್ಯಾರ."

ಮೊಸರಿನ ಡಬ್ಬಿ. ಅದರಲ್ಲಿ ಸಸಿ. ನಾಲ್ಕೆಲೆಯವು. ಮೂರು ನೆಲಕ್ಕೆ ಮಲಗಿವೆ, ಬುಡ ನೂಲಿನಂತೆ ಸಣ್ಣಗಾಗಿದೆ. ಎರಡು ನಿಂತಿವೆ. ಡಬ್ಬಿಗೆ ಚುಚ್ಚಿದ ಐಸ್‌ಕ್ರೀಮ್ ಕಡ್ಡಿಗೆ ಕೆಂಪು ದಾರ ಕಟ್ಟಿದೆ. ಟೀಚರ್ ಅಕ್ಷರದಲ್ಲಿ: ಬೀಗರ ಮನೆಯ ಮೀಸಲು ಮೆಣಸಿನಕಾಯಿ. ಮೂರು ಕಾಯಿಯ ಬೀಜವೆಲ್ಲ ಬಿತ್ತಿದ್ದು ನ. 12.

ಸಸಿಯ ಕಾಂಡ ನೇರಳೆ.

ತಿಂದಿಲ್ಲ. ಆ ಹೆಂಗಸು ತಿಂದಿಲ್ಲ. ದೇವರದ್ದು ಅಂದದ್ದಕ್ಕೆ ತಿನ್ನದೆ ಬಿತ್ತಿದ್ದಾಳೆ. ಹುಟ್ಟಿದ್ದವು. ನಾನು ದಿನಕ್ಕೆ ನಾಲ್ಕು ಸಲ ನೀರು ಹಾಕಿಸಿ...

ಬರೆಯಲು ಆಗುತ್ತಿಲ್ಲ.

ಡಿಸೆಂಬರ್ 12, ಶುಕ್ರವಾರ

ಬೆಳಿಗ್ಗೆ ನೀತಕ್ಕನಿಗೆ ಹೇಳಿದೆ. ನೀರು ನಿಲ್ಲಿಸಲು ಹೇಳು, ಯೂರಿಯಾ ಬೇಡ, ಬಿಸಿಲಿಗಿಡಲಿ, ಈಗಲೇ ಮೆಸೇಜ್ ಮಾಡು.

"ಹುಚ್ಚ ಹಿಡದದೇನ ನಿಂಗ? ಮೊನ್ನಿ ನಾಕು ಸಲ ಅಂದಿ. ಈಗ ಹಾಕಬ್ಯಾಡ್ರಿ ಅಂದ್ರ ನಾ ಏನ ಕಾಣತೀನಿ? ಮೂರ್ಖ."

"ತಪ್ಪಾಗಿತ್ತು. ನಂದು ತಪ್ಪು."

"ನಿಂದ ಅಂತ ಹೇಳಾಕ ಬರತದೇನ ಈಗ?" ನೀತಕ್ಕನ ದನಿ ಇಳಿಯಿತು. "ನಿಶ್ಚಯ ಆಗೂ ತನಕ ಏನೂ ಬದಲ ಮಾಡೂದಿಲ್ಲ ನಾ. ಸಾಯ್ಲಿ ಆ ಸಣ್ಣ ಸಸಿ. ಬೇಕಾದ್ರ ನರ್ಸರ್ಯಾಗಿಂದ ತಂದು ಕೊಡತೀನಿ."

ನಾನು ಕಟ್ಟಿದ ಬಲೆ. ಎಷ್ಟು ಗಟ್ಟಿ ಕಟ್ಟಿದ್ದೇನೆ ಎಂದರೆ ನನಗೇ ಬಿಚ್ಚಲು ಬರುತ್ತಿಲ್ಲ. ಆಂಟಿಗೆ ನೇರ ಫೋನ್ ಮಾಡಬಹುದು. ಮಾಡಿದರೆ ಮದುವೆಯೂ ಹೋಗುತ್ತದೆ, ನಾನೂ ಹಾಸ್ಟೆಲಿಗೆ ಹೋಗುತ್ತೇನೆ. ಅವರ ನಂಬರ್ ನೀತಕ್ಕನ ಫೋನಿನಿಂದ ಬರೆದುಕೊಂಡಿದ್ದೇನೆ. ಮೂರು ಸಲ ಡಯಲ್ ಮಾಡಿ ಕಟ್ ಮಾಡಿದೆ. ಹೇಡಿ.

ಡಿಸೆಂಬರ್ 19, ಶುಕ್ರವಾರ. ಸಂಜೆ 6

ಇವತ್ತು ಎಳ್ಳ ಅಮವಾಸ್ಯೆ. ದೊಡ್ಡವ್ವ ಬೀಗರ ಮನೆಗೆ ಸಜ್ಜಿ ಕಡಬು, ಭಜ್ಜಿ, ಶೇಂಗಾ ಹೋಳಿಗೆ ಕಳಿಸಬೇಕು ಎಂದಳು. ದೊಡ್ಡಪ್ಪನಿಗೆ ಅಂಗಡಿ. ನಾನು ಹೋಗುತ್ತೇನೆ ಅಂದೆ. ನೀತಕ್ಕ ನನ್ನನ್ನೇ ನೋಡಿದಳು. ದೊಡ್ಡವ್ವ ಡಬ್ಬಿ ಕಟ್ಟುತ್ತಾ, "ಹೋಗಿ ಬಾ. ಭಾಳ ಮಾತಾಡಬ್ಯಾಡ," ಅಂದಳು.

ಬಸ್ಸಿನಲ್ಲಿ ಒಂದೂಕಾಲು ಗಂಟೆ, ತೊಡೆಯ ಮೇಲೆ ಬಿಸಿ ಡಬ್ಬಿ. ವಾಕಡದಲ್ಲಿ ಇಳಿದೆ. ಒಂಬತ್ತನೇ ಮಹಡಿ. ಮಾಧುರಿಬಾಯಿ ಬಾಗಿಲು ತೆಗೆದರು. ಗಿಡ್ಡ, ಗಂಡಸರ ವಾಚು, ಅಡುಗೆಯ ಕೈ ಒರೆಸಿಕೊಳ್ಳುತ್ತಾ.

"ಬಾರವ್ವಾ. ನೀ ಬೀಗರ ತಮ್ಮನ ಮಗಳಲ್ಲೇನ, ಅನುಸೂಯಾ? ಅವತ್ತ ಕಾಣಲಿಲ್ಲಲ ನೀ?"

"ಲೈಬ್ರರಿಗೆ ಹೋಗಿದ್ದೆ ರೀ."

"ಐತವಾರ? ಭಾಳ ಶ್ಯಾಣ್ಯಾಕಿ ಇರಬೇಕು." ಕಣ್ಣಲ್ಲಿ ನಗು ಇತ್ತು.

ಬಾಲ್ಕನಿಗೆ ಕರೆಯುವ ಮೊದಲೇ ನಾನು ಬಾಲ್ಕನಿಯಲ್ಲಿದ್ದೆ. ಮೊಸರಿನ ಡಬ್ಬಿಯ ಕೆಳಗಿನ ತಟ್ಟೆ ತುಂಬಿ ನಿಂತಿತ್ತು. ನೀರು ಮೋರಿಗೆ ಚೆಲ್ಲಿದೆ, ಕರ್ಟನ್ ಸರಿಸಿದೆ, ಡಬ್ಬಿಯನ್ನು ಬಿಸಿಲಿಗೆ ಇಟ್ಟೆ. ಎರಡು ಇನ್ನೂ ನಿಂತಿದ್ದವು. ಎರಡು. ಆಮೇಲೆ ನೆನಪಾಯಿತು, ಇದು ನನ್ನ ಮನೆ ಅಲ್ಲ. ತಿರುಗಿದೆ. ಆಂಟಿ ಬಾಗಿಲಿಗೆ ಒರಗಿ ನೋಡುತ್ತಿದ್ದರು.

"ನೀತಕ್ಕ ಹೇಳಿ ಕಳಸ್ಯಾಳ ರೀ," ಅಂದೆ. "ಚಳಿ ಬಂತು, ಇನ್ಮ್ಯಾಲ ಎರಡು ದಿನಕ್ಕೊಮ್ಮೆ ನೀರು. ಯೂರಿಯಾ ಬ್ಯಾಡ ಅಂತ."

"ಹೌದಾ." ಕುರ್ಚಿ ಎಳೆದು ಕೂತರು. "ನನ್ನ ನೋಡಾಕ ಬಂದಾಗ ಏನಾತು ಗೊತ್ತೇನ? ನಮ್ಮ ವೈನಿ ಮಣಿ ತೋರಣ ಭಾಳ ಚಲೋ ಹೆಣಿತಿದ್ಲು. ಬಾಗಲಿಗೆ ಕಟ್ಟಿ, ಇದು ನಮ್ಮ ಮಾಧುರಿ ಹೆಣದದ್ದು ಅಂದ್ರು. ನನಗ ಸೂಜಿಗೆ ದಾರ ಪೋಣಸಾಕ ಬರತಿರಲಿಲ್ಲ. ಮದುವಿ ಆತು. ನಮ್ಮತ್ತಿ ಒಂದ ಚೀಲ ಮಣಿ ತಂದು ಮುಂದ ಸುರವಿದ್ರು. ಮನಿಗೆ ಹನ್ನೊಂದು ಬಾಗಲಾ. ಹನ್ನೊಂದು ತೋರಣ. ಬೆರಳೆಲ್ಲಾ ತೂತು. ನನ್ನಿಂದಲ್ಲ ಅಂತ ಹೇಳಾಕ ಬರೂದಿಲ್ಲ, ಅವ್ವನ ಮಾನ ಹೋಗತದ. ಒಂದೂವರಿ ವರ್ಷ ಹೆಣದೆ."

ನಾನು ಖಾಲಿ ತಟ್ಟೆಯನ್ನು ಡಬ್ಬಿಯ ಕೆಳಗೆ ಸರಿಸಿದೆ.

"ಈಗ ಖರೇ ಹೇಳು. ಆ ಮಾಳಿಗಿ ಮ್ಯಾಲಿನ ಗಿಡ ಯಾರ ಬೆಳಸ್ಯಾರ?"

ನಲವತ್ತು ದಿನದಿಂದ ನಾಲಿಗೆಯ ಮೇಲೆ ಇಟ್ಟುಕೊಂಡಿದ್ದ ಮಾತು. ನಾನು. ಒಂದೇ ಮಾತು. ಮನಸ್ಸಿನಲ್ಲಿ ಎಷ್ಟು ಸಲ ಹೇಳಿದ್ದೆ — ಬಸ್ಸಿನಲ್ಲಿ, ಎಕ್ಸಾಮ್ ಹಾಲಿನಲ್ಲಿ. ಬಾಯಿ ತೆರೆದೆ. ಆಗ ಆ ಹನ್ನೊಂದು ಬಾಗಿಲು ಕಣ್ಣ ಮುಂದೆ ಬಂದವು.

"ನೀತಕ್ಕ," ಅಂದೆ. "ಎಲ್ಲಾ ನೀತಕ್ಕಂದ ರೀ. ಆಕಿಗೆ ಗಿಡ ಅಂದ್ರ ಜೀವ. ವಾಕಡದಾಗ ಬಾಲ್ಕನಿ ಸಣ್ಣದು, ಎಲ್ಲಿ ಬೆಳಸಲಿ ಅಂತ ಚಿಂತಿ ಮಾಡಾಕತ್ತಾಳ."

ಜೀವಮಾನದಲ್ಲಿ ಇಷ್ಟು ಸರಾಗವಾಗಿ ಯಾರ ಮುಂದೂ ಮಾತಾಡಿಲ್ಲ. ಒಂದು ಸಲವೂ ಸಾರಿ ಅನ್ನಲಿಲ್ಲ.

ಆಂಟಿ ನನ್ನ ಮುಖ ನೋಡಿದರು. ಆಮೇಲೆ ಉಗುರಲ್ಲಿ ಮಣ್ಣು ಕೂತ ನನ್ನ ಕೈ ನೋಡಿದರು. "ಹಂಗಾದ್ರ ಸೊಸಾಯಿಟಿ ಟೆರೇಸ್ ಕೇಳಿ ಇಡತೀನಿ. ಸೆಕ್ರೆಟರಿ ನನ್ನ ಕೈಯಾಗ ಗಣಿತ ಕಲತಾಂವ, ಇಲ್ಲ ಅನ್ನೂದಿಲ್ಲ. ಐವತ್ತು ಕುಂಡ ಸಾಕಾಗತಾವೇನ ಆಕಿಗೆ?"

"ಶುರುವಿಗೆ ಸಾಕ ರೀ."

ನಕ್ಕರು. ಒಂದು ಸಸಿಯನ್ನು ಚಮಚದಿಂದ ಮಣ್ಣು ಸಮೇತ ಎತ್ತಿ ಸ್ಟೀಲ್ ಗ್ಲಾಸಿಗೆ ಹಾಕಿ ಕೊಟ್ಟರು. "ಒಂದು ನನಗ ಇರಲಿ. ಒಂದು ನೀತಾಗ ಒಯ್ಯಿ. ಆಕಿ ಪರವಾಗಿ ನೀನ ನೋಡ್ಕೋ."

ಬಸ್ಸಿನಲ್ಲಿ ಗ್ಲಾಸನ್ನು ಎರಡೂ ಕೈಯಲ್ಲಿ ಹಿಡಿದಿದ್ದೆ. ಯಾರೋ ಮರಾಠಿಯಲ್ಲಿ ಏನೋ ಅಂದು ಸೀಟು ಬಿಟ್ಟುಕೊಟ್ಟರು.

ಜನವರಿ 18, ಭಾನುವಾರ

ನಿಶ್ಚಯ ಆಯಿತು. ಮದುವೆ ಫೆಬ್ರವರಿಯಲ್ಲಿ. ಸಸಿಗೆ ಹನ್ನೆರಡು ಎಲೆ. 31ನೇ ಡಬ್ಬಿ ತೊಳೆದು, ಬಿಸಿಲಿಗೆ ಒಣಗಿಸಿ, ಹೊಸ ಮಣ್ಣು ತುಂಬಿ ಅದರಲ್ಲಿ ಇಟ್ಟೆ.

ಬೆಳಿಗ್ಗೆ ನೀತಕ್ಕ ಬಂದಳು. ಕಣ್ಣು ಊದಿತ್ತು. ಫೋನ್ ತೋರಿಸಿದಳು — ಐವತ್ತು ಗ್ರೋ ಬ್ಯಾಗಿನ ಕಟ್ಟು, ಹತ್ತು ಮೂಟೆ ಕೋಕೊಪೀಟ್, ಒಂದು ಗುದ್ದಲಿ. ಕೆಳಗೆ: "ಮಗಳೆ, ಎಲ್ಲ ಸಿದ್ಧ. ನೀನು ಬರುವುದೊಂದೇ ಬಾಕಿ."

"ನೀ ಏನ ಹೇಳಿದಿ ಅವತ್ತ?"

"ದೊಡ್ಡವ್ವ ಹೇಳಿದ್ದ ಹೇಳಿದೆ. ಎಲ್ಲಾ ನೀತಕ್ಕಂದು ಅಂತ."

"ಅನು, ನಂಗ ಮಣ್ಣು ಮುಟ್ಟಾಕ ಆಗೂದಿಲ್ಲ ಗ. ಎರೆಹುಳು ಕಂಡ್ರ ಜ್ವರ ಬರತದ. ಕಲಿಸ ಪ್ಲೀಜ್. ಏನರ ಒಂದು ಅಲರ್ಜಿ ಅಂತ ಹೇಳಲೇನ?"

"ಅಲರ್ಜಿ ಇದ್ದಾಕಿ ಮೂವತ್ತೆಂಟು ಡಬ್ಬಿ ಹ್ಯಾಂಗ ಬೆಳೆಸಿದಿ ಅಂತ ಕೇಳತಾರ."

ನೀರಿನ ಟ್ಯಾಂಕಿನ ಕಟ್ಟೆಯ ಮೇಲೆ ಕೂತಳು. ನನ್ನ ಕಡೆ ನೋಡದೆ ಹೇಳಿದಳು. "ನಾ ಅವ್ವಗ ಬ್ಯಾಡ ಅಂದಿದ್ದೆ. ಆದ್ರ ಅದಕ್ಕಿಂತ ಮೊದಲ ಆರು ಮನ್ಯಾವರು ಬಂದು ಹೋಗಿದ್ರು. ಬಣ್ಣ ಕಡಿಮಿ, ಎತ್ತರ ಕಡಿಮಿ. ಈ ಆಂಟಿ ಟೆರೇಸಿಗೆ ಬಂದು ನನ್ನ ನೋಡಿ ನಕ್ಕರು ನೋಡು... ಹಂಗ ಯಾರೂ ನಕ್ಕಿರಲಿಲ್ಲ. ಬಾಯಿ ಮುಚ್ಚಿಕೊಂಡು ಬಿಟ್ಟೆ."

ಇದನ್ನು ಕೇಳಬಾರದಿತ್ತು. ಒಂದು ಕ್ಷಣ, ಅಕ್ಕನ ಪಕ್ಕ ಹೋಗಿ ಕೂರೋಣ ಅನ್ನಿಸಿತು. ಆಂಟಿಯ ಆ ಒಂದು ನಗುವಿಗೆ ನನ್ನ ಮೂರು ಕಾಯಿ. ನೀತಕ್ಕ ಒಂದು ಸಲ ಕೇಳಿದ್ದರೆ ಟೊಮೆಟೊ ಪೂರ್ತಿ ಕೊಡುತ್ತಿದ್ದೆ, ಹೆಸರೂ ಕೊಡುತ್ತಿದ್ದೆ. ಕೇಳಲಿಲ್ಲ. ಉಗುರಿನ ಬಣ್ಣ ತೆಗೆಯುತ್ತಿದ್ದಳು.

"ಸಾರಿ ಅಂದ್ರ ಸಾಕಾಗತದೇನ?" ಅಂದಳು.

ಸಾಕಾಗುವುದಿಲ್ಲ. ಆದರೆ ಹಾಗೆ ಹೇಳಲಿಲ್ಲ. "ಏನರ ಕೇಳೂದಿದ್ರ ಫೋನ್ ಮಾಡು. ಯಾವಾಗ ಬೇಕಾದ್ರೂ," ಅಂದೆ. ನನ್ನ ಕೈ ಹಿಡಿದುಕೊಂಡಳು. ಕೈಯಲ್ಲಿ ಮಣ್ಣಿತ್ತು. ತಕ್ಷಣ ಬಿಟ್ಟಳು.

ಫೆಬ್ರವರಿ 22, ಭಾನುವಾರ

ಮದುವೆ ಮುಗಿಯಿತು. ದೊಡ್ಡವ್ವ ಕಳಿಸಿಕೊಡುವಾಗ ಎರಡು ಸಲ ಕುಸಿದಳು, ಎರಡನೇ ಸಲ ನನ್ನ ಭುಜ ಹಿಡಿದು. "ಇನ್ನ ನೀನ ಮನಿ ಮಗಳು," ಅಂದಳು. ಇದೇ ಮಾತು ಜೂನ್‌ನಲ್ಲಿ ಅಂದಿದ್ದರೆ ಅತ್ತುಬಿಡುತ್ತಿದ್ದೆ.

ಮಾಧುರಿ ಆಂಟಿ ಹೊರಡುವಾಗ ನನ್ನ ಹತ್ತಿರ ನಿಂತು ಮೆಲ್ಲಗೆ ಕೇಳಿದರು, "ಕಾಯಿ ಬಿಟ್ಟದೇನ?" ಇನ್ನೂ ಇಲ್ಲ ರೀ, ಮೊಗ್ಗು ಅಂದೆ. ತಲೆಯಾಡಿಸಿದರು.

ನೀತಕ್ಕನ ಖಾಲಿ ರೂಮು ನನಗೆ ಸಿಕ್ಕಿದೆ. ಕಿಟಕಿ ಪೂರ್ವಕ್ಕೆ.

ಏಪ್ರಿಲ್ 5, ಭಾನುವಾರ. ಬೆಳಿಗ್ಗೆ 7.10

ಹನ್ನೊಂದು ಕಾಯಿ, ಮೊದಲನೆಯದು ಕೇಸರಿ ಆಗಿದೆ. ಕೊಯ್ದೆ. ಐವತ್ತಾರು ಬೀಜ. ಪೇಪರ್ ಮೇಲೆ ಹರಡಿ ಫ್ಯಾನಿನಿಂದ ದೂರ ಇಟ್ಟಿದ್ದೇನೆ. ಬೀಜ ಉಳಿಯಿತು. ಬರೆಯಲು ಧೈರ್ಯ ಬಂದದ್ದು ಇವತ್ತು. ಉಳಿಯಿತು.

ಫೋನ್ ರಿಂಗ್ ಆಗುತ್ತಿದೆ. ನೀತಕ್ಕ. ಈ ವಾರದಲ್ಲಿ ಒಂಬತ್ತನೇ ಸಲ. ವಿಡಿಯೊ. ಫೋನನ್ನು ಡಬ್ಬಿಗೆ ಒರಗಿಸಿಟ್ಟು ಬರೆಯುತ್ತಿದ್ದೇನೆ.

ವಾಕಡದ ಟೆರೇಸ್. ನಲವತ್ತಾರು ಗ್ರೋ ಬ್ಯಾಗ್. ನೀತಕ್ಕ ಮೊಣಕಾಲೂರಿ ಕೂತಿದ್ದಾಳೆ, ರಬ್ಬರ್ ಗ್ಲೌಸ್, ಹಣೆಗೆ ಬೆವರು. ಹಿಂದೆ ಆಂಟಿ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಿದ್ದಾರೆ. ಒಂದು ಟೊಮೆಟೊ ನೀರು ಹಾಕಿದರೂ ಬಾಡುತ್ತಿದೆ, ಯಾಕೆ ಅಂತ ಕೇಳುತ್ತಿದ್ದಾಳೆ.

ಸುಳ್ಳು ಹೇಳುವ ಅಗತ್ಯ ಈಗ ಇಲ್ಲ. ಸರಿಯಾದ ಉತ್ತರವೇ ಸಾಕು.

"ಮ್ಯಾಲ ಹಸಿ ಕಾಣತದ, ತಳದಾಗ ಒಣಗಿರತದ. ಕೈ ಹಾಕಿ ನೋಡು. ಗ್ಲೌಸ್ ತಗಿ."

"ಯಾಕ? ಇರಲಿ ಅದು."

"ಗ್ಲೌಸಿನಾಗ ತಂಪು ತಿಳಿಯೂದಿಲ್ಲ."

ಹಿಂದಿನಿಂದ ಆಂಟಿ: "ಖರೇ ಅದ. ತಗಿಯವ್ವಾ ನೀತಾ."

ತೆಗೆದಳು. ಕಣ್ಣು ಮುಚ್ಚಿದಳು. ಬೆರಳು ಹೋದವು. ಅಂಗೈ ಹೋಯಿತು. ಮಣಿಕಟ್ಟು.

"ಅನು... ಏನೋ ಅಲ್ಲಾಡಾಕತ್ತದ."

"ಅದು ಇದ್ರ ಮಣ್ಣು ಚಲೋ ಅದ ಅಂತ ಅರ್ಥ. ತಳ ಸಿಕ್ಕಿತೇನ?"

"ಇಲ್ಲ."

ಇನ್ನೂ ಒಳಗ, ಅಂದೆ. ಇನ್ನೂ ಒಳಗ.